ಹೆಡ್ ಮಾಸ್ಟ್ರು ಕ್ಲಾಸಲ್ಲಿದ್ದಾರೆ

ಸರ್ಕಾರಿ ಪ್ರಾಥಮಿಕ ಶಾಲೆಗೆ ಹೋದಾಗ ನಾನು ಮೊದಲು ಕೇಳುವುದು ಪಾಠ ವೀಕ್ಷಣೆಯ ವಹಿ, ಅಂದರೆ ಮುಖ್ಯ ಶಿಕ್ಷಕರು ಸಹಶಿಕ್ಷಕರ ತರಗತಿಯಲ್ಲಿ ಕೂತು ಪಾಠ ನೋಡಿ ಷರಾ ಬರೆಯುವ ಪುಸ್ತಕ. ಬೀರುವಿನಲ್ಲಿ ದಾಖಲಾತಿ ವಹಿ, ನಗದು ಪುಸ್ತಕ, ದಾಸ್ತಾನು ವಹಿ, ಬಿಸಿಯೂಟದ ಲೆಕ್ಕ ಎಲ್ಲವೂ ಅಚ್ಚುಕಟ್ಟಾಗಿ ಸಿಗುತ್ತವೆ. ವೀಕ್ಷಣೆಯ ವಹಿಯೂ ಸಿಗುತ್ತದೆ. ತೆರೆದರೆ ಜೂನ್‌ನಿಂದ ಡಿಸೆಂಬರ್‌ವರೆಗಿನ ಷರಾಗಳೆಲ್ಲ ಒಂದೇ ಪೆನ್ನಿನವು: ‘ಪಾಠ ಉತ್ತಮವಾಗಿತ್ತು, ಮಕ್ಕಳು ಚೆನ್ನಾಗಿ ಭಾಗವಹಿಸಿದರು.’ ಯಾವ ಪಾಠ, ಯಾವ ಮಗು ಎಂಬ ಸುಳಿವೇ ಇರುವುದಿಲ್ಲ. ಮುಖ್ಯ ಶಿಕ್ಷಕರು ಸೋಮಾರಿಗಳೆಂದು ಇದರರ್ಥವಲ್ಲ. ಅವರ ದಿನ ಹೇಗೆ ಕಳೆಯುತ್ತದೆಂದು ಬಲ್ಲವರಿಗೆ ಆ ವಹಿಯ ಕಥೆ ಹೊಸದೂ ಅಲ್ಲ.

ಬೆಳಗ್ಗೆ ಹಾಜರಿ ಮುಗಿಯುತ್ತಿದ್ದಂತೆ ಊಟದ ಲೆಕ್ಕ. 1ರಿಂದ 5ನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 6ರಿಂದ 8ರವರಿಗೆ 150 ಗ್ರಾಂ. ಬೇಳೆ, ಎಣ್ಣೆ, ತರಕಾರಿಗೂ ಹೀಗೇ ಎರಡು ಅಳತೆ. ಹಾಲಿಗೆ ತಲಾ 18 ಗ್ರಾಂ ಪುಡಿ. ಮೊಟ್ಟೆ ತರಿಸುವುದು, ಅದನ್ನು ತಿನ್ನದ ಮಕ್ಕಳಿಗೆ ಬಾಳೆಹಣ್ಣು ಹೊಂದಿಸುವುದೂ ಅವರ ತಲೆಗೇ. ಸಿಲಿಂಡರ್ ಮುಗಿದರೆ ಅಡುಗೆ ಸಿಬ್ಬಂದಿ ಬಂದು ನಿಲ್ಲುವುದೂ ಅವರ ಬಾಗಿಲಿಗೇ. ನಡುವೆ ಮಕ್ಕಳ ವಿವರ ದಾಖಲಿಸುವ ಇಲಾಖೆಯ ಆನ್‌ಲೈನ್ ವ್ಯವಸ್ಥೆ ಸ್ಯಾಟ್ಸ್‌ನಲ್ಲಿ ಮಾಹಿತಿ ತುಂಬಬೇಕು, ‘ಇಂದೇ ಮಧ್ಯಾಹ್ನದೊಳಗೆ ಕಳಿಸಿ’ ಎಂಬ ವಾಟ್ಸ್ಆ್ಯಪ್ ಸಂದೇಶಕ್ಕೆ ಉತ್ತರಿಸಬೇಕು. ಜನಗಣತಿ, ಚುನಾವಣೆ, ವಿಪತ್ತು ಪರಿಹಾರ ಬಿಟ್ಟು ಬೇರೆ ಶೈಕ್ಷಣಿಕೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು ಎಂದು ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಹೇಳುತ್ತದೆ. ಆದರೂ 2025ರ ಸೆಪ್ಟೆಂಬರ್‌ನಲ್ಲಿ ಶುರುವಾದ ರಾಜ್ಯದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆಗೆ ಮನೆಮನೆ ತಿರುಗಿದವರಲ್ಲಿ ಶಿಕ್ಷಕರೇ ಹೆಚ್ಚು. ಅದು ಮುಗಿಯದೆ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆಯಬೇಕಾಯಿತು.

ಇದು ಮುಖ್ಯ ಶಿಕ್ಷಕರು ಇರುವ ಶಾಲೆಯ ಮಾತಾಯಿತು. ಅದೇ ಕಾಯ್ದೆಯ ಪ್ರಕಾರ 1ರಿಂದ 5ರವರೆಗಿನ ಶಾಲೆಗೆ ಪ್ರತ್ಯೇಕ ಮುಖ್ಯ ಶಿಕ್ಷಕರು ಸಿಗುವುದು ಮಕ್ಕಳು 150 ದಾಟಿದಾಗ. ನಮ್ಮ ಹಳ್ಳಿಗಳ ಕಿರಿಯ ಪ್ರಾಥಮಿಕ ಶಾಲೆಗಳಲ್ಲಿ ಅಷ್ಟು ಮಕ್ಕಳೆಲ್ಲಿದ್ದಾರೆ? ಇಬ್ಬರು ಶಿಕ್ಷಕರಲ್ಲಿ ಹಿರಿಯರಾದವರಿಗೆ ಮುಖ್ಯ ಶಿಕ್ಷಕರ ‘ಪ್ರಭಾರ’ ಅಂಟಿಕೊಳ್ಳುತ್ತದೆ. ಅವರು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಯ ಸಭೆಗೆ ಹೋದ ದಿನ ಉಳಿದೊಬ್ಬರು ಐದೂ ತರಗತಿ ನೋಡಿಕೊಳ್ಳಬೇಕು. ದೊಡ್ಡ ಶಾಲೆಗಳಲ್ಲಿ ಬಡ್ತಿ ಸಿಗುವುದು ಜ್ಯೇಷ್ಠತೆಯ ಮೇಲೆ. ಇಪ್ಪತ್ತೈದು ವರ್ಷ ಚೆನ್ನಾಗಿ ಗಣಿತ ಕಲಿಸಿದವರು ಒಂದು ಸೋಮವಾರದಿಂದ ಖಜಾಂಚಿ, ದಾಸ್ತಾನುಗಾರ, ಪಂಚಾಯಿತಿಯ ಮಧ್ಯಸ್ಥ ಎಲ್ಲವೂ ಆಗಬೇಕು. ಧಾರವಾಡದ ಶಾಲಾ ನಾಯಕತ್ವ ಸಂಸ್ಥೆ ಸಿಸ್ಲೆಪ್‌ನಲ್ಲೋ ಜಿಲ್ಲೆಯ ಶಿಕ್ಷಕರ ತರಬೇತಿ ಸಂಸ್ಥೆ ಡಯಟ್‌ನಲ್ಲೋ ನಾಯಕತ್ವ ತರಬೇತಿ ಇದೆ, ನಿಜ. ಕುರ್ಚಿಯಲ್ಲಿ ಕೂರುವ ಮೊದಲೇ ಅದು ಸಿಗಬೇಕು ಎಂಬುದು ನನ್ನ ಹಳೆಯ ತಕರಾರು.

ಹಾಗಾದರೆ ಇದ್ದುದರಲ್ಲೇ ಏನು ಮಾಡಬಹುದು? ನಾನು ತರಬೇತಿಯಲ್ಲಿ ಮುಖ್ಯ ಶಿಕ್ಷಕರಿಗೆ ಹೇಳುವುದು ಒಂದೇ ಅಭ್ಯಾಸ: ವಾರಕ್ಕೆ ಎರಡೋ ಮೂರೋ ಅವಧಿ ಸಹೋದ್ಯೋಗಿಯ ತರಗತಿಯಲ್ಲಿ ಕೂರುವುದು. ಕೂರುವ ಜಾಗ ಮುಖ್ಯ. ಮೇಜಿನ ಪಕ್ಕ ಕುರ್ಚಿ ಹಾಕಿಸಿಕೊಂಡರೆ ಅದು ತಪಾಸಣೆಯಾಗುತ್ತದೆ, ಪಾಠ ನಾಟಕವಾಗುತ್ತದೆ. ಹಿಂದಿನ ಸಾಲಿನಲ್ಲಿ, ಸದಾ ಸುಮ್ಮನಿರುವ ಮಗುವಿನ ಪಕ್ಕ ಕೂತು ಆ ಮಗುವಿನ ಪುಸ್ತಕ ನೋಡಿ. ಬೋರ್ಡಿನ ಮೇಲಿನದನ್ನು ಅದು ನಕಲು ಮಾಡುತ್ತಿದೆಯೋ, ಓದಿ ಬರೆಯುತ್ತಿದೆಯೋ ಹತ್ತು ನಿಮಿಷದಲ್ಲಿ ತಿಳಿಯುತ್ತದೆ. ಅಂಥ ಮಗುವಿನ ಪುಸ್ತಕದಲ್ಲಿ ದುಂಡಗಿನ ಅಕ್ಷರ, ಕೆಂಪು ಶಾಯಿಯ ರೈಟ್ ಗುರುತು ಎಲ್ಲ ಇರುತ್ತವೆ. ಅದೇ ಸಾಲನ್ನು ಬೆರಳಿಟ್ಟು ಓದು ಅಂದರೆ ಬಾಯಿ ಬಿಡುವುದಿಲ್ಲ. ಮಗ್ಗಿ ಬಾಯಿಪಾಠ ಬರುತ್ತದೆ, ‘ಏಳು ಪೆನ್ಸಿಲ್‌ನ ನಾಲ್ಕು ಕಟ್ಟು, ಒಟ್ಟು ಎಷ್ಟು?’ ಅಂದರೆ ಕೂಡಬೇಕೋ ಗುಣಿಸಬೇಕೋ ಗೊತ್ತಾಗುವುದಿಲ್ಲ.

ಪಾಠ ಮುಗಿದ ಮೇಲೆ ಮಕ್ಕಳೆದುರು ಏನೂ ಹೇಳಬೇಡಿ. ಮಧ್ಯಾಹ್ನ ಊಟ ಬಡಿಸುತ್ತಲೋ, ಸಂಜೆ ಬಸ್‌ಸ್ಟಾಪಿಗೆ ನಡೆಯುತ್ತಲೋ ‘ಮೇಡಂ, ಆ ಹುಡುಗನಿಗೆ ಒತ್ತಕ್ಷರ ಹತ್ತಿಲ್ಲ ಅನಿಸುತ್ತೆ, ನೀವೇನಂತೀರಿ?’ ಎಂದು ಒಂದೇ ಸಂಗತಿ ಎತ್ತಿ. ಮೂರು ಎತ್ತಿದರೆ ಮೂರೂ ಬಿದ್ದುಹೋಗುತ್ತವೆ. ಮರುವಾರ ಅದೇ ತರಗತಿಗೆ ಹೋಗಿ ಅದೇ ಹುಡುಗನ ಪಕ್ಕ ಕೂರಿ. ಈ ಎರಡನೇ ಭೇಟಿಯನ್ನೇ ಬಹಳಷ್ಟು ಜನ ಬಿಟ್ಟುಬಿಡುತ್ತಾರೆ. ಸಹಶಿಕ್ಷಕರಿಗೆ ನಂಬಿಕೆ ಬರುವುದು ಆಗಲೇ.

ಶಾಲೆಯ ಉಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಯದೂ ಆ ವೀಕ್ಷಣೆಯ ವಹಿಯದೇ ಪಾಡು. ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. ಶಿಕ್ಷಣ ಹಕ್ಕು ಕಾಯ್ದೆ ಬಂದ ಮೇಲೆ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದಾಯಿತು. ಆದರೂ ನಡಾವಳಿ ಪುಸ್ತಕ ಎಷ್ಟೋ ಸಲ ಸಹಿಗಾಗಿ ಮನೆಮನೆಗೆ ಹೋಗುತ್ತದೆ. ಕೂಲಿಗೆ ಹೋಗುವ ತಾಯಂದಿರನ್ನು ಬೆಳಗ್ಗೆ ಹನ್ನೊಂದಕ್ಕೆ ಸಭೆಗೆ ಕರೆದರೆ ಬರುವವರು ಯಾರು? ಸಂಜೆ ಕರೆಯಿರಿ. ಕಾಂಪೌಂಡ್, ಶೌಚಾಲಯದ ಚರ್ಚೆ ಹೇಗೂ ಇದ್ದೇ ಇರುತ್ತದೆ. ಅದಕ್ಕೆ ಮುಂಚೆ ಮೂರನೇ ತರಗತಿಯ ಮಕ್ಕಳಿಂದ ಎರಡನೇ ತರಗತಿಯ ಕನ್ನಡ ಪುಸ್ತಕದ ಒಂದು ಪುಟ ಓದಿಸಿ. ಮುಂದಿನ ಸಭೆಗೆ ಯಾರೂ ಕರೆಯದೆ ಬರುತ್ತಾರೆ.

ಮೇಲಿನವರಿಗೂ ಒಂದು ಮಾತು. 1995ರಲ್ಲಿ ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ ನಲಿ-ಕಲಿ, ಅಂದರೆ ಮಕ್ಕಳು ಕಾರ್ಡುಗಳ ಚಟುವಟಿಕೆಯಿಂದ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ, ಶುರುವಾದಾಗ ಅಲ್ಲಿನ ಶಿಕ್ಷಕರು ಆಂಧ್ರದ ಋಷಿ ವ್ಯಾಲಿ ಶಾಲೆಗೆ ಹೋಗಿ ನೋಡಿ ಬಂದು, ತಾವೇ ಕೂತು ಕಾರ್ಡುಗಳನ್ನು ಬರೆದರು. ತಪ್ಪಿದ್ದನ್ನು ತಿದ್ದುವ ಸ್ವಾತಂತ್ರ್ಯ ಅವರಿಗಿತ್ತು. 2009-10ರಲ್ಲಿ ಅದು ರಾಜ್ಯಕ್ಕೆಲ್ಲ ಹಬ್ಬಿದಾಗ ಅಚ್ಚಾದ ಕಾರ್ಡುಗಳು ಪೆಟ್ಟಿಗೆಯಲ್ಲಿ ಬಂದವು. ಮಕ್ಕಳ ಕೆಲಸ ತೂಗುಹಾಕುವ ದಾರದ ಚಪ್ಪರವನ್ನು ತರಗತಿಯಲ್ಲಿ ಕಟ್ಟಿದ್ದಾರೋ ಇಲ್ಲವೋ ಎಂದು ನೋಡುವ ಅಧಿಕಾರಿಗಳೂ ಬಂದರು. ನಲಿ-ಕಲಿ ಒಳ್ಳೆಯದೆಂದೇ ನಾನು ನಂಬುವವನು. ಅದನ್ನು ಕಟ್ಟಿದವರಿಗಿದ್ದ ಸಲಿಗೆ ನಡೆಸುವವರಿಗೆ ದಕ್ಕಲಿಲ್ಲ, ಅಷ್ಟೇ. ಸಿಆರ್‌ಪಿಗಳು (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿಗಳು) ಶಾಲೆಗೆ ಬಂದಾಗ ಮಾಹಿತಿ ಸಂಗ್ರಹ ಬಿಟ್ಟು ಮುಖ್ಯ ಶಿಕ್ಷಕರ ಜೊತೆ ಒಂದು ಪಾಠಕ್ಕೆ ಕೂತರೆ ಈಗಲೂ ಕಾಲ ಮಿಂಚಿಲ್ಲ. ಒಮ್ಮೆ ಕೊಟ್ಟ ಅಂಕಿ-ಅಂಶವನ್ನೇ ಬೇರೆ ನಮೂನೆಯಲ್ಲಿ ಮತ್ತೆ ಕೇಳುವುದನ್ನು ಬಿಇಒ ಕಚೇರಿಗಳು ನಿಲ್ಲಿಸಲು ಯಾವ ಅನುದಾನವೂ ಬೇಕಿಲ್ಲ.

ಬರುವ ಜೂನ್‌ನಲ್ಲಿ ವೇಳಾಪಟ್ಟಿ ಬರೆಯುವಾಗ ನಿಮ್ಮ ಹೆಸರಿನ ಮುಂದೆ ಮೂರು ಅವಧಿಗೆ ‘ವೀಕ್ಷಣೆ’ ಎಂದು ಬರೆದು ನೋಟಿಸ್ ಬೋರ್ಡಿಗೆ ಹಾಕಿ. ಇಬ್ಬರೇ ಶಿಕ್ಷಕರಿರುವ ಶಾಲೆಯಾದರೆ ಒಂದೇ ಸಾಕು, ಮಕ್ಕಳನ್ನು ಒಟ್ಟಿಗೆ ಕೂರಿಸಿ. ಆ ಹೊತ್ತಿಗೆ ತಾಲ್ಲೂಕಿನ ಸಂಪನ್ಮೂಲ ಕೇಂದ್ರ ಬಿಆರ್‌ಸಿಯಿಂದ ಫೋನ್ ಬಂದರೆ ‘ಹೆಡ್ ಮಾಸ್ಟ್ರು ಕ್ಲಾಸಲ್ಲಿದ್ದಾರೆ, ಬೆಲ್ ಆದ ಮೇಲೆ ಮಾಡಿ’ ಎನ್ನಬೇಕೆಂದು ಯಾರಿಗಾದರೂ ಮೊದಲೇ ಹೇಳಿಡಿ.