ಫೈರ್ ಎಂಜಿನ್ ಬರುತ್ತದಲ್ಲ, ಬೀದಿಯವರ ಸಭೆ ಯಾಕೆ?

ಪ್ರಶ್ನೆ: ನಾವು ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯದಲ್ಲಿ ಕಾಡಿನಂಚಿನ ಊರಿಗೆ ಬಂದು ನೆಲೆಸಿದ್ದೇವೆ. ಬೇಸಿಗೆಗೆ ಮೊದಲು ಬೀದಿಯವರೆಲ್ಲ ಸೇರಿ ಕಾಳ್ಗಿಚ್ಚಿನ ಬಗ್ಗೆ ಸಭೆ ಮಾಡುತ್ತಾರಂತೆ. ಬೆಂಕಿ ಬಿದ್ದರೆ ಫೈರ್ ಎಂಜಿನ್ ಬರುತ್ತದಲ್ಲ, ಈ ಸಭೆಯಿಂದ ಏನು ಉಪಯೋಗ?

ಬೇಸಿಗೆ ಹತ್ತಿರವಾದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ. ಸಭೆಗೆ ಹೋಗಿ ಎಂದು ಎಷ್ಟು ಸಲ ಬರೆದಿದ್ದೇನೋ ಲೆಕ್ಕವಿಲ್ಲ. ಈ ಸಲ ‘ಫೈರ್ ಎಂಜಿನ್ ಬರುತ್ತದಲ್ಲ’ ಎಂಬ ಮಾತನ್ನೇ ಹಿಡಿದು ಬರೆಯುತ್ತೇನೆ. ಆ ನಂಬಿಕೆ ಸಡಿಲವಾಗದೆ ಬೇರೆ ಯಾವ ಮಾತೂ ತಲೆಗೆ ಇಳಿಯುವುದಿಲ್ಲ.

ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮನೆಗೊಂದು ವಾಹನ ಕಳಿಸಲು ಆಗದು ಎಂದು ಅಗ್ನಿಶಾಮಕ ದಳದವರೇ ಹೇಳುತ್ತಾ ಬಂದಿದ್ದಾರೆ. ಪಟ್ಟಣದಲ್ಲಿ ಒಂದು ಮನೆ ಹೊತ್ತಿಕೊಂಡರೆ ಎರಡು ಮೂರು ವಾಹನ ಬಂದು ನಿಲ್ಲುತ್ತವೆ. ಅದನ್ನು ನೋಡಿದ ಕಣ್ಣಿಗೆ ಕಾಳ್ಗಿಚ್ಚೂ ಹಾಗೆಯೇ ಕಾಣುತ್ತದೆ. 2009ರ ಫೆಬ್ರವರಿ 7 ನೆನಪಿಸಿಕೊಳ್ಳಿ. ಮಧ್ಯಾಹ್ನಕ್ಕೆ ತುಸು ಮೊದಲು ಕಿಲ್ಮೋರ್ ಈಸ್ಟ್ ಬಳಿ ವಿದ್ಯುತ್ ತಂತಿ ಕಡಿದು ಹೊತ್ತಿದ ಬೆಂಕಿ ಸಂಜೆಯ ಹೊತ್ತಿಗೆ ಕಿಂಗ್‌ಲೇಕ್ ಮುಟ್ಟಿತ್ತು. ಆ ಒಂದೇ ಬೆಂಕಿಗೆ 119 ಜನ ಬಲಿಯಾದರು. ರಾಜ್ಯದಲ್ಲಿ ಅಂದು ನೂರಾರು ಕಡೆ ಬೆಂಕಿ. ಸತ್ತವರು 173, ಸುಟ್ಟ ಮನೆಗಳು ಎರಡು ಸಾವಿರಕ್ಕೂ ಹೆಚ್ಚು. ಇಷ್ಟು ಮನೆಗಳಿಗೆ ವಾಹನ ಎಲ್ಲಿಂದ ತರುವುದು? ವಾಹನದಲ್ಲಿ ಬರುವವರಾದರೂ ಯಾರು? ಹಳ್ಳಿಗಾಡಿನಲ್ಲಿ ಹೆಚ್ಚಿನವರು ಸಂಬಳವಿಲ್ಲದ ಸ್ವಯಂಸೇವಕರು, ನಿಮ್ಮ ಊರಿನವರೇ. ಅವರ ಮನೆಗಳೂ ಅದೇ ಬೆಂಕಿಯ ದಾರಿಯಲ್ಲಿರುತ್ತವೆ.

ಇನ್ನೊಂದು ಕಾರಣವನ್ನು ಬಿಡಿಸಿ ಹೇಳಲೇಬೇಕು. ಮನೆಗಳನ್ನು ಸುಡುವುದು ಜ್ವಾಲೆಯ ಗೋಡೆ ಎಂದುಕೊಳ್ಳುತ್ತೇವೆ. ಹೆಚ್ಚಿನ ಮನೆಗಳಿಗೆ ಬೆಂಕಿ ತಗಲುವುದು ಕೆಂಡದ ಮಳೆಯಿಂದ. ಸ್ಟ್ರಿಂಗಿಬಾರ್ಕ್ ಜಾತಿಯ ನೀಲಗಿರಿ ಮರದ ನಾರುತೊಗಟೆ ಉರಿಯುತ್ತಲೇ ಗಾಳಿಯಲ್ಲಿ ಕಿಲೋಮೀಟರುಗಟ್ಟಲೆ ಹಾರುತ್ತದೆ. ಸೂರಿನ ಗಟರಿನಲ್ಲಿ ಕೂತ ತರಗೆಲೆ, ಹೆಂಚಿನ ಸಂದಿ, ಬಾಗಿಲ ಮುಂದಿನ ನಾರಿನ ಕಾಲೊರಸು, ಎಲ್ಲಿ ಬಿದ್ದರೂ ಅದಕ್ಕೆ ಸಾಕು. ಜ್ವಾಲೆ ದಾಟಿಹೋಗಿ ಗಂಟೆಗಳಾದ ಮೇಲೂ ಮನೆ ಹೊತ್ತಿಕೊಳ್ಳುವುದುಂಟು. ಹೀಗೆ ಒಂದೇ ಗಳಿಗೆಯಲ್ಲಿ ಬೀದಿಯ ಹತ್ತಾರು ಮನೆಗೆ ಕಿಡಿ ಬೀಳುವಾಗ ಒಂದು ಫೈರ್ ಎಂಜಿನ್ ಯಾವ ಬಾಗಿಲಲ್ಲಿ ನಿಲ್ಲಬೇಕು?

ಸಭೆಯ ಉಪಯೋಗ ಇಲ್ಲೇ ಇದೆ. ನಿಮ್ಮ ಗಟರ್ ಎಷ್ಟೇ ಚೊಕ್ಕಟವಾಗಿದ್ದರೂ ಪಕ್ಕದ ಮನೆ ಹೊತ್ತಿಕೊಂಡರೆ ಅದರ ಝಳ ನಿಮ್ಮ ಕಿಟಕಿಯ ಗಾಜು ಒಡೆಯುತ್ತದೆ. 2003ರ ಜನವರಿ 18ರಂದು ಕ್ಯಾನ್‌ಬೆರಾದಲ್ಲಿ ಸುಮಾರು 500 ಮನೆಗಳು ಹೋದವು. ಅಲ್ಲಿ ಕಾಡಿನಿಂದ ಬಂದ ಕೆಂಡದ ಜೊತೆಗೆ ಮನೆಯಿಂದ ಮನೆಗೂ ಬೆಂಕಿ ಹಬ್ಬಿತ್ತು. ವಿಕ್ಟೋರಿಯಾದ ಹಳ್ಳಿಗಾಡಿನ ಅಗ್ನಿಶಾಮಕ ಸಂಸ್ಥೆ ಕಂಟ್ರಿ ಫೈರ್ ಅಥಾರಿಟಿ ನಡೆಸುವ ಕಮ್ಯುನಿಟಿ ಫೈರ್‌ಗಾರ್ಡ್ ಗುಂಪುಗಳಲ್ಲಿ ನೆರೆಹೊರೆಯವರು ಕೂತು ಇದನ್ನೇ ಮಾತಾಡುತ್ತಾರೆ. ಯಾರ ಮನೆಯಲ್ಲಿ ಕಾರಿಲ್ಲ, ಯಾರಿಗೆ ಕುದುರೆ ಸಾಗಿಸಲು ಅರ್ಧ ದಿನ ಬೇಕು, ಯಾರು ಯಾರಿಗೆ ಫೋನ್ ಮಾಡಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಯಾವಾಗ ಹೊರಡಬೇಕು. 2022ರ ಸೆಪ್ಟೆಂಬರ್ 1ರಿಂದ ಕಾಳ್ಗಿಚ್ಚಿನ ಅಪಾಯ ಎಷ್ಟೆಂದು ಹೇಳಲು ಇಡೀ ದೇಶಕ್ಕೆ ಒಂದೇ ಅಪಾಯಸೂಚಿ ಬಂದಿದೆ, ಕಡಿಮೆಯಿಂದ ಹೆಚ್ಚಿಗೆ ನಾಲ್ಕು ಹಂತ: ಮಾಡರೇಟ್, ಹೈ, ಎಕ್ಸ್‌ಟ್ರೀಮ್, ಕೆಟಾಸ್ಟ್ರೊಫಿಕ್. ಕೊನೆಯದು ಎಂದು ಸಾರಿದರೆ ಹಿಂದಿನ ರಾತ್ರಿ ಅಥವಾ ನಸುಕಿನಲ್ಲೇ ಹೊರಟುಬಿಡಿ. ಹೊಗೆ ಕಂಡ ಮೇಲೆ ಹೊರಟವರೆಲ್ಲ ಒಂದೇ ರಸ್ತೆಯಲ್ಲಿ ಸಿಕ್ಕಿಕೊಳ್ಳುತ್ತಾರೆ.

ನೀವು ಕೇಳದ ಒಂದು ವಿಷಯವೂ ಇದೆ. ನಿಮ್ಮ ಅಪ್ಪ ಅಮ್ಮ ಬಂದಿದ್ದಾರೆಯೇ? ನಮ್ಮವರ ಮನೆಗಳಿಗೆ ಹಿರಿಯರು ಬರುವುದು ಹೆಚ್ಚಾಗಿ ಈ ಬೇಸಿಗೆಯಲ್ಲೇ. ಮಕ್ಕಳು ಕೆಲಸಕ್ಕೆ ಹೋದ ಮೇಲೆ ಹಗಲೆಲ್ಲ ಇಬ್ಬರೇ ಇರುತ್ತಾರೆ. ಫೋನಿನಲ್ಲಿ ‘ವಾಚ್ ಅಂಡ್ ಆ್ಯಕ್ಟ್’ (ಬೆಂಕಿಯ ಮೂರು ಹಂತದ ಎಚ್ಚರಿಕೆಗಳಲ್ಲಿ ನಡುವಿನದು) ಎಂದು ಬಂದರೆ ಅವರಿಗೆ ಏನು ತಿಳಿಯಬೇಕು? 2019–20ರ ಬೇಸಿಗೆಯ ಕಾಳ್ಗಿಚ್ಚುಗಳಲ್ಲಿ ಕರೆಂಟು ಹೋಗಿ ಎಷ್ಟೋ ಕಡೆ ಮೊಬೈಲ್ ಟವರುಗಳೇ ನಿಂತುಹೋಗಿದ್ದವು. ಆಗ ಉಳಿಯುವುದು ಬ್ಯಾಟರಿ ರೇಡಿಯೊ, ಅದೂ ಇಂಗ್ಲಿಷಿನಲ್ಲೇ ಮಾತಾಡುತ್ತದೆ. ಫೋನ್ ಇದ್ದರೆ ತುರ್ತು ಸಂಖ್ಯೆ 000ಗೆ ಕರೆ ಮಾಡಿ ‘ಫೈರ್’ ಎಂದು ಹೇಳಿ, ಆಮೇಲೆ ‘ಕನ್ನಡ’ ಎನ್ನಲು ಅವರಿಗೆ ಕಲಿಸಿ. ದುಭಾಷಿಯನ್ನು ಕೇಳುವ ಕ್ರಮ ಇದು. ಆದರೆ ಅದಕ್ಕೂ ಮುಂಚೆ ಬಂದು ಬಾಗಿಲು ಬಡಿಯುವವರು ಪಕ್ಕದ ಮನೆಯವರೇ. ಅವರಿಗೆ ನಿಮ್ಮ ಅಮ್ಮನ ಮುಖ ಪರಿಚಯವಿರಬೇಕು, ಅಮ್ಮನಿಗೆ ಅವರದು. ಸಭೆಗೆ ಅಪ್ಪ ಅಮ್ಮ ಇಬ್ಬರನ್ನೂ ಕರೆದುಕೊಂಡು ಹೋಗಿ.