ಕರಟ ಬಡಿಯುವವನು ನಗಬಾರದು

ಪೆದ್ದ ನೈಟ್‌ಗಳ, ಅಂದರೆ ಹಳೆಯ ಯುರೋಪಿನ ಕವಚ ತೊಟ್ಟ ಕುದುರೆ ಸವಾರ ಯೋಧರ, ಪ್ರಹಸನ ಆಡಲು ಹೊರಟ ತಂಡಗಳು ವೇಷದವರ ಹತ್ತಿರ ಬಂದು ಹೇಳುವುದು ಒಂದೇ ಮಾತು: ‘ಸ್ವಲ್ಪ ತಮಾಷೆಯಾಗಿ ಕಾಣೋ ಹಾಗೆ ಮಾಡಿಕೊಡಿ.’ ಹೊಟ್ಟೆಗೆ ದಿಂಬು, ತಲೆಗೆ ಬಕೆಟ್ಟು, ಎದೆಗೆ ಬೆಳ್ಳಿ ಕಾಗದ. ದಯವಿಟ್ಟು ಬೇಡ. ವೇಷವೇ ನಕ್ಕುಬಿಟ್ಟರೆ ನಟನಿಗೆ ಮಾಡಲು ಏನೂ ಉಳಿಯುವುದಿಲ್ಲ.

ಆರ್ಥರ್ ರಾಜ ಮತ್ತವನ ನೈಟ್‌ಗಳನ್ನು ಗೇಲಿ ಮಾಡುವ 1975ರ ಬ್ರಿಟಿಷ್ ಹಾಸ್ಯಚಿತ್ರ ‘ಮಾಂಟಿ ಪೈಥಾನ್ ಅಂಡ್ ದ ಹೋಲಿ ಗ್ರೇಲ್’ ಅನ್ನು ಇನ್ನೊಮ್ಮೆ ನೋಡಿ, ಈ ಸಲ ಬಟ್ಟೆಗಳ ಮೇಲೆ ಕಣ್ಣಿಟ್ಟು. ಆರ್ಥರ್ ರಾಜನ ಅಂಗಿಯಲ್ಲಿ ಸೂರ್ಯನ ಲಾಂಛನ, ತಲೆಯ ಮೇಲೆ ಕಿರೀಟ, ಎಲ್ಲ ನೇರ್ಪಾಗಿದೆ. ಇಲ್ಲದ್ದು ಕುದುರೆ ಮಾತ್ರ, ಅದಕ್ಕೆ ದುಡ್ಡಿರಲಿಲ್ಲ. ಹಿಂದೆ ಬರುವ ಆಳು ಗೊರಸಿನ ಸದ್ದಿಗೆ ಎರಡು ಕರಟ ಬಡಿಯುತ್ತಾನೆ, ರಾಜನ ಪಾತ್ರದ ಗ್ರಹಾಂ ಚಾಪ್ಮನ್ ಇಲ್ಲದ ಲಗಾಮು ಹಿಡಿದು ಕುಪ್ಪಳಿಸುತ್ತಾರೆ. ಮುಖದಲ್ಲಿ ರಾಜ್ಯಭಾರದ ಚಿಂತೆ. ನಗುವುದು ನಮ್ಮ ಕೆಲಸ, ಅವರದಲ್ಲ.

ಆ ಚಿತ್ರದ ಉಕ್ಕಿನ ಬಲೆಯಂಗಿಗಳು ಉಕ್ಕಿನವಲ್ಲ, ಬೆಳ್ಳಿ ಬಣ್ಣ ಹೊಡೆದ ಉಣ್ಣೆಯ ಹೆಣಿಗೆ. ಸ್ಕಾಟ್ಲೆಂಡಿನ ಮಳೆಯಲ್ಲಿ ನೀರು ಹೀರಿಕೊಂಡು ನಟರನ್ನು ಗೋಳುಹುಯ್ದುಕೊಂಡವು, ಆದರೆ ತೆರೆಯ ಮೇಲೆ ಜೋತುಬೀಳುವ ಭಾರ ನಿಜದ್ದೇ ಎನಿಸುತ್ತದೆ. ನೀವೂ ಹಾಗೇ ಮಾಡಿ: ದಪ್ಪ ನೂಲು, 8 ಅಥವಾ 10 ಮಿ.ಮೀ. ಕಡ್ಡಿ, ಸಡಿಲ ಹೆಣಿಗೆ. ಮೊದಲು ಪೂರ್ತಿ ಕಪ್ಪು ಬಣ್ಣ. ಒಣಗಿದ ಮೇಲೆ ಬೆಳ್ಳಿ ಬಣ್ಣವನ್ನು ಒಣ ಬ್ರಷ್‌ನಲ್ಲಿ ಉಬ್ಬಿದ ಗಂಟುಗಳಿಗಷ್ಟೇ ತಾಗಿಸಿ. ತೂತುಗಳಲ್ಲಿ ಕಪ್ಪು ಉಳಿದರೇ ಬಳೆಬಳೆಯಾಗಿ ಕಾಣುವುದು. ಬೆಳ್ಳಿ ಕಾಗದ ಬೆಳಕಿಗೆ ಕಣ್ಣು ಕುಕ್ಕುತ್ತದೆ, ಮೈಕಿನಲ್ಲಿ ಪರಪರ ಎನ್ನುತ್ತದೆ.

ಇನ್ನು ಕರಟ. ತೆಂಗಿನ ನಾಡಿನವರಿಗೆ ಹೇಳಿಕೊಡಬೇಕೇ ಎಂದುಕೊಂಡರೆ, ಹೌದು, ಹೇಳಿಕೊಡಬೇಕಾಗಿದೆ. ನೀರು ಆರಿದ ಬಲಿತ ಕಾಯಿಯ ನಾರು ಕೆರೆದು, ಒಡೆಯದೆ ನಡುವೆ ಗರಗಸದಲ್ಲಿ ಕೊಯ್ಯಿರಿ. ಕೊಬ್ಬರಿ ಪೂರ್ತಿ ತೆಗೆದು, ಒಳಗೆ ಕೆರೆದು, ಅಂಚನ್ನು ಉಪ್ಪುಕಾಗದದಲ್ಲಿ ಉಜ್ಜಿ ಸಮ ಮಾಡಿ. ಚೂರು ಕೊಬ್ಬರಿ ಉಳಿದರೂ ಸದ್ದು ಮಂಕು. ಆಮೇಲೆ ತಾಳ. ಕುದುರೆಯ ನಡಿಗೆಗೆ ನಾಲ್ಕು ಸಮ ಪೆಟ್ಟು, ಟ್ರಾಟ್ ಎಂಬ ಹಗುರ ಓಟಕ್ಕೆ ಎರಡು, ಅದಕ್ಕಿಂತ ಬಿರುಸಾದ ಕ್ಯಾಂಟರ್‌ಗೆ ಮೂರು ಪೆಟ್ಟು ಮತ್ತು ಒಂದು ಬಿಡುವು. ಬೇಕಾಬಿಟ್ಟಿ ಬಡಿದರೆ ಅದು ಬರೀ ಸದ್ದು. ರಾಜ ನಿಂತ ಮೇಲೆ ಇನ್ನೆರಡು ಪೆಟ್ಟು ಹಾಕಿ ನಿಲ್ಲಿಸಿ. ಕುದುರೆ ಒಂದೇ ಏಟಿಗೆ ನಿಲ್ಲುವ ಪ್ರಾಣಿಯಲ್ಲ.

ಎಲ್ಲರಿಗೂ ಬ್ಲ್ಯಾಕ್ ನೈಟ್ ಆಗುವ ಆಸೆ. ಅದೇ ಚಿತ್ರದಲ್ಲಿ ಜಾನ್ ಕ್ಲೀಸ್ ಆಡಿದ ಆ ಕಪ್ಪು ಕವಚದ ಯೋಧನ ಪಾತ್ರ ಎರಡು ಕೈ, ಎರಡು ಕಾಲು ಕಳೆದುಕೊಂಡರೂ ಸವಾಲು ಹಾಕುವುದನ್ನು ಬಿಡುವುದಿಲ್ಲ. ಇಲ್ಲೇ ನಮ್ಮವರು ಎಡವುವುದು: ಒಂದೊಂದು ಅಂಗ ಹೋದಾಗಲೂ ಧ್ವನಿ ಏರಿಸುತ್ತಾರೆ, ಕಣ್ಣು ಹೊರಳಿಸುತ್ತಾರೆ. ಶಿರಸ್ತ್ರಾಣದೊಳಗೆ ಆ ಕಣ್ಣು ಯಾರಿಗೆ ಕಾಣುತ್ತದೆ ಮಾರಾಯ್ರೇ? ಮೊದಲ ಸವಾಲಿನ ದನಿ ಯಾವ ಎತ್ತರದಲ್ಲಿತ್ತೋ ಕೊನೆಯದೂ ಅಲ್ಲೇ ಇರಲಿ. ದೇಹ ಕಡಿಮೆಯಾಗುತ್ತ ಹೋಗಬೇಕು, ಅಹಂಕಾರ ಕೂದಲಷ್ಟೂ ಕರಗಬಾರದು. ಅದೇ ಚಿತ್ರದಲ್ಲಿ ‘ನಿ’ ಎಂದು ಕೂಗಿ ಹೆದರಿಸುವ ನೈಟ್‌ಗಳದೂ ಇದೇ ಕಥೆ. ಅವರು ಕೇಳುವುದು ಒಂದು ಪೊದೆ, ಆದರೆ ಕೇಳುವ ಗತ್ತು ಕಪ್ಪಕಾಣಿಕೆ ವಸೂಲಿಯದು.

ವೇದಿಕೆಯಲ್ಲಿ ಕೈಗಳನ್ನಷ್ಟೇ ತೆಗೆಯಿರಿ ಎಂಬುದು ನನ್ನ ಸಲಹೆ. ಕಾಲು ಮರೆಸಲು ಹೊಂಡ ಬೇಕು, ನಿಮ್ಮ ಸಭಾಂಗಣದವರು ನೆಲ ಅಗೆಯಲು ಬಿಡುವುದು ಅನುಮಾನ. ನಿಜದ ಕೈಯನ್ನು ಮಡಚಿ ಬೆನ್ನಿಗೆ ಸಡಿಲವಾಗಿ ಕಟ್ಟಿ, ಐದು ನಿಮಿಷಕ್ಕಿಂತ ಹೆಚ್ಚು ಬೇಡ, ಜೋಮು ಹಿಡಿಯುತ್ತದೆ. ರಕ್ತಕ್ಕೆ ಸಕ್ಕರೆ ಪಾಕ, ಅಡುಗೆಯ ಕೆಂಪು ಬಣ್ಣ, ಚಿಟಿಕೆ ಕೋಕೋ ಪುಡಿ ಸಾಕು. ಪಾಕ ನೆಲಕ್ಕೆ ಬಿದ್ದರೆ ಜಾರುತ್ತದೆ. ಒದ್ದೆ ಗೋಣಿಚೀಲ ಹಿಡಿದ ಒಬ್ಬನನ್ನು ಪಕ್ಕದಲ್ಲೇ ನಿಲ್ಲಿಸಿ, ಅವನಿಗೂ ಹೇಳಿಡಿ: ಒರೆಸುವಾಗ ನಗಬೇಡ.