ಬೆರಳಿಗೆ ತಿರುಗದ ಕಣ್ಣು ಕನ್ನಡಿಗೆ ತಿರುಗಿತು

ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾದ ಹುಡುಗ. ಐದು ವಾರ ಆಗಿತ್ತು. ಕಣ್ಣು ಬಿಡುತ್ತಿದ್ದ, ಆಕಳಿಸುತ್ತಿದ್ದ, ಕರೆದರೆ ಮಾತ್ರ ಓಗೊಡುತ್ತಿರಲಿಲ್ಲ. ರೌಂಡ್ಸ್‌ನಲ್ಲಿ ಅವನ ಮುಂದೆ ಬೆರಳು ಆಡಿಸಿದೆ. ಏನೂ ಇಲ್ಲ. "ನಾನು ಬಂದ್ರೆ ನನ್ನ ಕಡೆ ನೋಡ್ತಾನೆ ಡಾಕ್ಟ್ರೇ" ಎಂದರು ತಾಯಿ. ಹೆತ್ತ ಕರುಳು, ಹಾಗೆ ಅನ್ನಿಸುತ್ತದೆ ಅಂದುಕೊಂಡು ಪಕ್ಕದ ಬೆಡ್‌ಗೆ ಹೋದೆ. ತಪ್ಪು ನನ್ನದೇ.

ಸಂಜೆ ಮನಸ್ಸು ತಡೆಯದೆ ಒಂದು ಕೈಗನ್ನಡಿ ಹಿಡಿದು ಬಂದೆ. ಅವನ ಮುಖ ಅವನಿಗೇ ಕಾಣುವ ಹಾಗೆ ನಾಲ್ಕೈದು ಇಂಚು ದೂರದಲ್ಲಿ ಹಿಡಿದು, ನಿಧಾನಕ್ಕೆ ಎಡಕ್ಕೆ ಸರಿಸಿದೆ. ಕಣ್ಣು ಹಿಂದೆಯೇ ಬಂತು. ಬಲಕ್ಕೂ ಬಂತು. ಕನಿಷ್ಠ ಎರಡು ಸೆಕೆಂಡು ಬಿಡದೆ ಹಿಂಬಾಲಿಸಬೇಕು, ಅದೂ ಎರಡು ಸಲ. ಆಗಲೇ ಅದು ಅರಿವಿನ ಗುರುತು ಎಂದು ಲೆಕ್ಕಕ್ಕೆ ಬರುವುದು.

ಮನೆಯವರು ಎಲ್ಲಕ್ಕೂ 'ಕೋಮಾ' ಅನ್ನುತ್ತಾರೆ. ಕೋಮಾದಲ್ಲಿ ಕಣ್ಣೇ ಬಿಡುವುದಿಲ್ಲ. ಕೆಲವು ವಾರಗಳ ನಂತರ ಕಣ್ಣು ತೆರೆಯುತ್ತದೆ, ನಿದ್ದೆ ಎಚ್ಚರ ಶುರುವಾಗುತ್ತದೆ. ಎಚ್ಚರ ಇದ್ದರೆ ಅರಿವೂ ಇದೆ ಎಂದಲ್ಲ. ಅರಿವು ಸ್ವಲ್ಪ ಇದ್ದು, ಬಂದು ಹೋಗಿ ಮಾಡುತ್ತಿರಲೂಬಹುದು. ಕಷ್ಟ ಇರುವುದು ಇಲ್ಲೇ. ಕಣ್ಣು, ಮಾತು, ಕೈಕಾಲಿನ ಸ್ಪಂದನೆ ನೋಡಿ ಅಂಕ ಕೊಡುವ 1974ರ ಗ್ಲಾಸ್ಗೋ ಸ್ಕೇಲ್ ಮೊದಲ ದಿನಗಳಿಗೆ ಚೆನ್ನ, ಆಮೇಲೆ ಸಾಲದು. 2009ರ ಒಂದು ಅಧ್ಯಯನದಲ್ಲಿ, ಅರಿವಿಲ್ಲ ಎಂದು ವೈದ್ಯರ ತಂಡ ಒಮ್ಮತದಿಂದ ಹೇಳಿದ್ದ 44 ಮಂದಿಯಲ್ಲಿ 18 ಮಂದಿಗೆ ಅರಿವಿನ ಗುರುತು ಸಿಕ್ಕಿತು. ಬಳಸಿದ್ದು ದೊಡ್ಡ ಯಂತ್ರವಲ್ಲ, ಹಾಸಿಗೆ ಪಕ್ಕದಲ್ಲೇ ಮಾಡುವ 23 ಅಂಕದ ಪರೀಕ್ಷೆ, ಕೋಮಾ ರಿಕವರಿ ಸ್ಕೇಲ್. ಕನ್ನಡಿ ಅದರದೇ ಒಂದು ಭಾಗ.

ಹಾಗಂತ ಕಂಡಿದ್ದನ್ನೆಲ್ಲ ಅರಿವು ಅನ್ನಲೂ ಆಗದು. "ಕೈ ಹಿಡ್ಕೊಂಡ" ಎಂದು ಮನೆಯವರು ಕಣ್ಣೀರಿಡುತ್ತಾರೆ. ಅಂಗೈಗೆ ಏನಾದರೂ ತಾಗಿದರೆ ಹಸುಗೂಸೂ ಹಿಡಿಯುತ್ತದೆ, ಅಲ್ವಾ? ಅದಕ್ಕೇ ನಾನು "ಹಿಡಿ" ಅನ್ನುವುದಕ್ಕಿಂತ "ಬಿಡು" ಅನ್ನುವುದೇ ಜಾಸ್ತಿ. ಮನೆಯಲ್ಲಿ ತುಳು ಆಡುವವರಿಗೆ ವಾರ್ಡಿನಲ್ಲಿ ಇಂಗ್ಲಿಷಿನಲ್ಲಿ ಹೇಳಿ, ಕೇಳಲಿಲ್ಲ ಎಂದು ಬರೆಯುವುದನ್ನೂ ನೋಡಿದ್ದೇನೆ. ಜ್ವರ, ನಿದ್ದೆ ಬರಿಸುವ ಔಷಧಿ, ಕಿವಿ ಕೇಳದಿರುವುದು, ಇವನ್ನೂ ಮೊದಲೇ ನೋಡಿಕೊಳ್ಳಬೇಕು.

ಯಂತ್ರವೂ ಬೇಕಾಗುತ್ತದೆ. 2024ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಹೇಳಿದ ಮಾತಿಗೆ ಕೈಕಾಲು ಅಲುಗಿಸದ 241 ಜನರಲ್ಲಿ 60 ಜನರ ಮಿದುಳು ಆ ಮಾತಿಗೆ ಸ್ಪಂದಿಸಿತ್ತು. ನೋಡಿದ್ದು ಎಫ್‌ಎಂಆರ್‌ಐ (ಮಿದುಳಿನ ಚಟುವಟಿಕೆ ತೋರಿಸುವ ಸ್ಕ್ಯಾನ್) ಅಥವಾ ಇಇಜಿಯಲ್ಲಿ (ಮಿದುಳಿನ ವಿದ್ಯುತ್ ಅಲೆಗಳ ದಾಖಲೆ). ಆದರೆ ಕಣ್ಣೆದುರೇ ಮಾತು ಕೇಳಿ ನಡೆದುಕೊಂಡ 112 ಜನರಲ್ಲೂ ಆ ಯಂತ್ರಗಳಿಗೆ ಸಿಕ್ಕವರು 43 ಮಾತ್ರ. ಯಂತ್ರ 'ಇಲ್ಲ' ಅಂದಿತು ಅನ್ನುವುದಕ್ಕೇ ಅರಿವಿಲ್ಲ ಎಂದು ಬರೆಯಲು ನನಗೆ ಕೈ ಬರುವುದಿಲ್ಲ.

ಒಂದೇ ಸಲ ನೋಡಿ ತೀರ್ಮಾನಿಸುವುದಂತೂ ಬೇಡವೇ ಬೇಡ. ಎರಡು ವಾರದಲ್ಲಿ ಐದು ಸಲವಾದರೂ ನೋಡಬೇಕು, ಬೇರೆ ಬೇರೆ ಹೊತ್ತಿನಲ್ಲಿ. ಆ ತಾಯಿಯನ್ನೇ ಕೇಳಿದೆ, ಇವನು ಯಾವಾಗ ಚುರುಕಾಗಿರುತ್ತಾನೆ ಅಂತ. "ಮೈ ಒರೆಸಿ ಕೂರಿಸಿದ್ಮೇಲೆ, ಹತ್ತು ಗಂಟೆ ಸುಮಾರಿಗೆ." ನನ್ನ ರೌಂಡ್ಸ್ ಎಂಟಕ್ಕೇ ಮುಗಿಯುತ್ತಿತ್ತು. ಮರುದಿನದಿಂದ ಅವನ ಬೆಡ್‌ಗೆ ಹತ್ತೂಕಾಲಿಗೆ ಹೋಗತೊಡಗಿದೆ.